ಕಾಸರಗೋಡಿನ ರಸ್ತೆಗಳಲ್ಲಿ ಸೈಕಲ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಮ್ಮ ಸಣ್ಣ ತಂಡವು ಕುಂಬಳೆ ಪೇಟೆಯಲ್ಲಿ ಚಹಾಕ್ಕೆ ನಿಂತಾಗ ಯಾರಾದರೊಬ್ಬರು ಸೈಕಲನ್ನು ಮುಟ್ಟಿ ನೋಡಿ ಪ್ರಶ್ನೆ ಕೇಳುತ್ತಾರೆ. ಕೆಲವರು ಮುಂದಿನ ವಾರವೇ ಜತೆಗೂಡಲು ಬಯಸುವವರು, ಕೆಲವರು ಮಗನಿಗೋ ಮಗಳಿಗೋ ಸೈಕಲ್ ಕೊಡಿಸಲು ಹೊರಟವರು. ಹಲವು ವರ್ಷಗಳಿಂದ ಹೀಗೆ ಕೇಳಿಬಂದ ಪ್ರಶ್ನೆಗಳಿಗೆ ನಿಧಾನವಾಗಿ ಕುಳಿತು ಬರೆದ ಉತ್ತರಗಳು ಇಲ್ಲಿವೆ.

ನಮ್ಮಲ್ಲಿ ಎಲ್ಲಿ ನೋಡಿದರೂ ಗುಡ್ಡೆ. ಇಂತಹ ಊರಿನಲ್ಲಿ ಹವ್ಯಾಸಕ್ಕಾಗಿ ಸೈಕಲ್ ತುಳಿಯಲು ಸಾಧ್ಯವೇ?

ಖಂಡಿತ ಸಾಧ್ಯ. ಆದರೆ ಈ ನೆಲದ ರಚನೆಯನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಕಡಲ ಕರೆಯ ಕಿರಿದಾದ ಸಮತಟ್ಟು ಪಟ್ಟಿಯನ್ನು ಬಿಟ್ಟು ಮೂಡಕ್ಕೆ ಸರಿದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳು, ಅಂದರೆ ನೆತ್ತಿ ಸಮತಟ್ಟಾಗಿರುವ ಬೋಳು ಗುಡ್ಡೆಗಳು, ಆರಂಭವಾಗುತ್ತವೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂಬ ಹೊಳೆಗಳೂ ಅವುಗಳನ್ನು ಸೇರುವ ನೂರಾರು ತೋಡುಗಳೂ ಈ ಪದವುಗಳನ್ನು ಸೀಳಿಕೊಂಡು ಪಡುವಣ ಕಡಲಿಗೆ ಹರಿಯುತ್ತವೆ. ಆದ್ದರಿಂದ ಒಳನಾಡಿನಲ್ಲಿ ತೆಂಕು ಬಡಗಾಗಿ ಹೋಗುವ ಯಾವ ರಸ್ತೆಯಾದರೂ ಪದವಿನಿಂದ ಅಡಿಕೆ ತೋಟದ ತಗ್ಗಿಗೆ ಇಳಿದು, ಸೇತುವೆ ದಾಟಿ, ಮತ್ತೆ ಇನ್ನೊಂದು ಪದವಿಗೆ ಏರಲೇಬೇಕು. ಒಂದೊಂದು ಏರು ಅರ್ಧ ಕಿಲೋಮೀಟರಿನಿಂದ ಎರಡು ಕಿಲೋಮೀಟರಿನಷ್ಟು ಮಾತ್ರ ಇರುತ್ತದೆ, ಘಟ್ಟದ ರಸ್ತೆಯಂತೆ ಗಂಟೆಗಟ್ಟಲೆ ಏರುವ ಪ್ರಸಂಗವಿಲ್ಲ. ಆದರೆ ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ.

ಹೀಗಾಗಿ ಇಲ್ಲಿ ದೂರದ ಲೆಕ್ಕ ಮೋಸ ಮಾಡುತ್ತದೆ. ‘ಎಷ್ಟು ಕಿಲೋಮೀಟರ್’ ಎಂದು ಕೇಳುವ ಬದಲು ‘ಎಷ್ಟು ಏರು’ ಎಂದು ಕೇಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ. ಬಯಲುಸೀಮೆಯ ಗೆಳೆಯರು ಎರಡು ಗಂಟೆಯಲ್ಲಿ ಮುಗಿಸುವ 50 ಕಿ.ಮೀ. ಇಲ್ಲಿ ಮೂರು ಗಂಟೆ ತೆಗೆದುಕೊಂಡರೆ ಅದರಲ್ಲಿ ನಿಮ್ಮ ಕಾಲಿನ ದೋಷವೇನೂ ಇಲ್ಲ.

ಭೂಪಟವಿಲ್ಲದೆಯೇ ದಾರಿಯನ್ನು ಊಹಿಸಲು ನಮ್ಮ ಊರ ಹೆಸರುಗಳು ನೆರವಾಗುತ್ತವೆ. ಮೀಯಪದವು, ನಂದಾರಪದವು ಎಂಬಲ್ಲಿ ಪದವು ಇದೆ, ಅಂದರೆ ಅಲ್ಲಿಗೆ ಏರಿಯೇ ಹೋಗಬೇಕು. ಬದಿಯಡ್ಕ, ಧರ್ಮತ್ತಡ್ಕ, ಉಳಿಯತ್ತಡ್ಕ ಎಂಬ ಹೆಸರುಗಳಲ್ಲಿರುವ ಅಡ್ಕ ಎಂದರೆ ಬೇಸಾಯವಿಲ್ಲದ ಸಮತಟ್ಟು ಬಯಲು, ಅಲ್ಲಿ ಸ್ವಲ್ಪ ಉಸಿರು ತೆಗೆದುಕೊಳ್ಳಬಹುದು. ಈ ಹೆಸರುಗಳನ್ನು ಇಟ್ಟ ಹಿರಿಯರು ಎಲ್ಲೆಡೆಗೂ ನಡೆದೇ ಹೋದವರು, ಏರು ತಗ್ಗು ಅವರ ಕಾಲಿಗೆ ಗೊತ್ತಿತ್ತು. ಫಲಕಗಳು ಮಲಯಾಳದಲ್ಲಿ ಮಾತ್ರ ಇರುವ ಕಡೆ ಹೊಸಬರು ದಾರಿ ತಪ್ಪುವುದುಂಟು. ಆಗ ಅಂಗಡಿಯವರಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಸಾಕು, ದಾರಿಯನ್ನು ಮಾತ್ರವಲ್ಲದೆ ಮುಂದಿನ ಏರು ಎಷ್ಟಿದೆ ಎಂಬುದನ್ನೂ ಹೇಳುತ್ತಾರೆ.

ಯಾವ ಬಗೆಯ ಸೈಕಲ್ ಕೊಳ್ಳಬೇಕು?

ಬ್ರ್ಯಾಂಡಿಗಿಂತ ಮೊದಲು ಗಿಯರ್ ನೋಡಿ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ತೂಕವಿದ್ದು, ಶೇಕಡಾ 8ರ ಏರನ್ನು (100 ಮೀಟರ್ ಹೋಗುವಷ್ಟರಲ್ಲಿ 8 ಮೀಟರ್ ಮೇಲೇರುವ ರಸ್ತೆಯನ್ನು) ಗಂಟೆಗೆ 10 ಕಿ.ಮೀ. ವೇಗದಲ್ಲಿ ಏರುವುದಾದರೆ ಗುರುತ್ವವನ್ನು ಗೆಲ್ಲಲಿಕ್ಕೇ ಸುಮಾರು 185 ವ್ಯಾಟ್ ಶಕ್ತಿ ಬೇಕು. ಸಾಮಾನ್ಯ ಸವಾರನಿಗೆ ಇದು ಕಡಿಮೆ ಶ್ರಮವಲ್ಲ. ಮುಂದೆ, ಅಂದರೆ ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ, 39 ಮತ್ತು ಹಿಂದಿನ ಚಕ್ರದ ಹಲ್ಲುಚಕ್ರದಲ್ಲಿ 25 ಹಲ್ಲಿನ ಹಳೆಯ ಮಾದರಿಯ ಗಿಯರಿನಲ್ಲಿ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ ಸುಮಾರು 50 ಸುತ್ತು ಮಾತ್ರ ತಿರುಗುತ್ತದೆ, ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಮುಂದೆ 34, ಹಿಂದೆಯೂ 34 ಹಲ್ಲು ಇದ್ದರೆ ಅದೇ ವೇಗದಲ್ಲಿ ಸುಮಾರು 80 ಸುತ್ತು ತಿರುಗುತ್ತದೆ, ಉಸಿರು ಹೆಚ್ಚಾದರೂ ಮೊಣಕಾಲು ಉಳಿಯುತ್ತದೆ. ಆದ್ದರಿಂದ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರಗಳು, ಹಿಂದೆ 11ರಿಂದ 32 ಅಥವಾ 34 ಹಲ್ಲುಗಳ ಜೋಡಣೆ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ.

ಟೈರ್ 28 ಮಿ.ಮೀ.ಗಿಂತ ಸಪುರವಾಗಿರುವುದು ಬೇಡ. ಒಳರಸ್ತೆಗಳಲ್ಲಿ ಡಾಮರಿನ ಅಂಚು ಕಿತ್ತು ಮುರಕಲ್ಲಿನ ಚೂರುಗಳು ಮೇಲೆದ್ದಿರುವುದರಿಂದ 32 ಮಿ.ಮೀ. ಹಾಕಿಕೊಂಡರೆ ಇನ್ನೂ ಒಳ್ಳೆಯದು. ಬ್ರೇಕ್ ಡಿಸ್ಕ್ ಆಗಿದ್ದರೆ ಮಳೆಗಾಲದಲ್ಲಿ ಉಪಕಾರ. ಮೊದಲೇ ಮನೆಯಲ್ಲಿ ಗಿಯರ್ ಇರುವ ಸಾಧಾರಣ ಸೈಕಲ್ ಇದ್ದರೆ ಮೂರು ತಿಂಗಳು ಅದನ್ನೇ ತುಳಿಯಿರಿ, ಆಸೆ ನಿಂತಿತೋ ಬೆಳೆಯಿತೋ ಎಂಬುದು ಆಗ ತಿಳಿಯುತ್ತದೆ.

ಅಳತೆ ಅಷ್ಟು ಮುಖ್ಯವೇ?

ಬೆಲೆಗಿಂತಲೂ ಮುಖ್ಯ. ನಾನು ಮೊದಲ ಸಲ ಕೊಂಡಾಗ ಅಂಗಡಿಯವರು ತಮ್ಮಲ್ಲಿ ಉಳಿದಿದ್ದ ದೊಡ್ಡ ಅಳತೆಯ ಸೈಕಲನ್ನೇ ‘ಸೀಟು ಇಳಿಸಿದರಾಯಿತು’ ಎಂದು ನನಗೆ ಕೊಟ್ಟರು. ಸೀಟು ಇಳಿಯಿತು, ಆದರೆ ಹ್ಯಾಂಡಲ್ ಹತ್ತಿರ ಬರಲಿಲ್ಲ. ಎಂಟು ತಿಂಗಳು ಕುತ್ತಿಗೆ ನೋವನ್ನು ನನ್ನ ದೌರ್ಬಲ್ಯವೆಂದೇ ಭಾವಿಸಿದ್ದೆ. ಆದ್ದರಿಂದ ಸೀಟಿನ ಎತ್ತರ ಮಾತ್ರವಲ್ಲ, ಸೀಟಿನಿಂದ ಹ್ಯಾಂಡಲಿಗೆ ಇರುವ ದೂರವನ್ನೂ ಕುಳಿತು ನೋಡಿ. ಮೊಣಕೈ ಸ್ವಲ್ಪ ಮಡಚಿದಂತೆಯೇ ಹ್ಯಾಂಡಲ್ ಕೈಗೆ ಸಿಗಬೇಕು.

ಸೀಟಿನ ಎತ್ತರಕ್ಕೆ ಒಂದು ಸುಲಭ ವಿಧಾನವಿದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನ ತನಕ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲಿನ ತೋಳುಗಳು ತಿರುಗುವ ನಡು ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದ ತನಕ ಇರಬೇಕಾದ ಎತ್ತರ ಸಿಗುತ್ತದೆ. 80 ಸೆಂ.ಮೀ. ಬಂದರೆ ಸುಮಾರು 70.6 ಸೆಂ.ಮೀ. ಅಲ್ಲಿಂದ ಮುಂದೆ ಒಂದೆರಡು ಮಿಲಿಮೀಟರಿನಂತೆ ತಿದ್ದಿಕೊಳ್ಳಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚಾಗಿ ತಗ್ಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರುತ್ತದೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ತುಳಿಯಬಹುದೇ?

ನನ್ನ ಅಭಿಪ್ರಾಯದಲ್ಲಿ ಬೇಡ. ತಲಪಾಡಿಯಿಂದ ಚೆಂಗಳದ ತನಕದ 39 ಕಿ.ಮೀ. ಹೆದ್ದಾರಿ 66 ಆರು ಪಥಗಳಾಗಿ ವಿಸ್ತಾರಗೊಂಡ ಮೇಲೆ ವಾಹನಗಳ ವೇಗವೂ ಹೆಚ್ಚಿದೆ, ಪಥ ಬದಲಿಸುವವರೂ ಹೆಚ್ಚಿದ್ದಾರೆ. ಅನಿವಾರ್ಯವಾದರೆ ಸರ್ವೀಸ್ ರಸ್ತೆಯನ್ನು ಹಿಡಿಯಿರಿ. ಅಲ್ಲಿ ಎದುರಿನಿಂದ ಬರುವ ದ್ವಿಚಕ್ರ ವಾಹನಗಳನ್ನೂ ಚರಂಡಿಯ ಚಪ್ಪಡಿಗಳ ನಡುವಿನ ಸಂದುಗಳನ್ನೂ ಗಮನಿಸಬೇಕು. ಸಪುರ ಟೈರ್ ಆ ಸಂದಿಗೆ ಸಿಲುಕಿದರೆ ಬೀಳುವುದು ಖಚಿತ. ಚಪ್ಪಡಿಯ ಮೇಲೆ ಹೋಗದೆ ಡಾಮರಿನ ಮೇಲೆಯೇ ಉಳಿಯಿರಿ.

ಹೊಸಬರಿಗೆ ಯಾವ ದಾರಿಗಳು ಒಳ್ಳೆಯವು?

ಮೊದಲ ತಿಂಗಳಿಗೆ ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ಮಾರ್ಗವಾಗಿ ಬೇಕಲಕ್ಕೆ ಹೋಗಿಬನ್ನಿ. ಒಂದು ದಿಕ್ಕಿಗೆ ಸುಮಾರು 16 ಕಿ.ಮೀ., ಏರುಗಳು ಸೌಮ್ಯ. ಕೆಳದಿಯ ಶಿವಪ್ಪ ನಾಯಕನ ಕಾಲದ್ದೆಂದು ಹೇಳುವ ಬೇಕಲ ಕೋಟೆಯ ಎದುರು ತಿರುಗಿಕೊಂಡು, ಬಸ್ಸುಗಳ ಭರಾಟೆ ಶುರುವಾಗುವ ಮೊದಲು, ಅಂದರೆ ಎಂಟು ಗಂಟೆಗೆ ಮುಂಚೆ, ಮನೆ ಸೇರಬೇಕು. ಇದೇ ರಸ್ತೆ ಮುಂದೆ ಕಾಞಂಗಾಡಿಗೆ, ನಮ್ಮ ಹಿರಿಯರ ಬಾಯಲ್ಲಿ ಹೊಸದುರ್ಗಕ್ಕೆ, ಹೋಗುತ್ತದೆ.

ಏರು ಕಲಿಯಲು ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ ಮಾರ್ಗವಾಗಿ ಮುಳ್ಳೇರಿಯಕ್ಕೆ ಹೋಗುವ ಸುಮಾರು 30 ಕಿ.ಮೀ. ರಸ್ತೆಗಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ನಾಯ್ಕಾಪು ದಾಟಿ ಅನಂತಪುರದ ಸರೋವರ ದೇವಸ್ಥಾನದ ಕಡೆಗೆ ತಿರುಗಿದರೆ ಬಿಸಿಲಿಗೆ ಕಪ್ಪಾದ ಮುರಕಲ್ಲಿನ ಬಯಲು ಎದುರಾಗುತ್ತದೆ, ಮಳೆಗಾಲದಲ್ಲಿ ಅದೇ ಬಯಲು ಹುಲ್ಲಿನಿಂದ ಹಸುರಾಗಿರುತ್ತದೆ. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಇಳಿತದ ವೇಗದಲ್ಲಿ ಮುಂದಿನ ಏರನ್ನು ಅರ್ಧ ಹತ್ತಿ, ವೇಗ ಸತ್ತ ಮೇಲೆ ಗಿಯರ್ ಬದಲಿಸಲು ಹೋಗುತ್ತಾರೆ. ಅಷ್ಟು ಹೊತ್ತಿಗೆ ಚೈನಿನ ಮೇಲೆ ಪೂರ್ತಿ ಭಾರ ಬಿದ್ದಿರುತ್ತದೆ, ಅದು ಕಟಕಟ ಸದ್ದು ಮಾಡುತ್ತ ಜಾರುತ್ತದೆ. ಸೇತುವೆ ದಾಟುವಾಗಲೇ ಹಗುರ ಗಿಯರಿಗೆ ಬಂದು, ಏರಿನ ಮೊದಲ ಕಾಲು ಭಾಗವನ್ನು ಬೇಕೆಂದೇ ನಿಧಾನವಾಗಿ ಏರಿ. ಕೊನೆಯ ಕಾಲು ಭಾಗದಲ್ಲಿಯೂ ನಿಮಗೆ ಎರಡು ಮಾತು ಆಡಲು ಸಾಧ್ಯವಾಗಬೇಕು.

ಆ ಮೇಲೆ ಧರ್ಮತ್ತಡ್ಕದ ಸಮೀಪದ ಪೊಸಡಿಗುಂಪೆ ಗುಡ್ಡ ಇದೆ, ಸುಮಾರು 1,060 ಅಡಿ ಎತ್ತರ. ನಂದಾರಪದವಿನಿಂದ ಆರಂಭವಾಗುವ ಮಲೆನಾಡ ಹೆದ್ದಾರಿಯ ಅಗಲ ರಸ್ತೆ ಇದೆ. ಕಾಞಂಗಾಡಿನಿಂದ ಸುಮಾರು 48 ಕಿ.ಮೀ. ದೂರದ ರಾಣಿಪುರವನ್ನು ಒಂದು ವರ್ಷದ ಅಭ್ಯಾಸದ ಅನಂತರಕ್ಕೆ ಇಟ್ಟುಕೊಳ್ಳಿ. ಅಲ್ಲಿನ ಕೊನೆಯ ಏರು ಪದವಿನ ಏರಿನಂತೆ ಬೇಗ ಮುಗಿಯುವುದಲ್ಲ.

ಒಂಟಿಯಾಗಿ ಹೋಗುವುದು ಒಳ್ಳೆಯದೋ, ತಂಡದೊಂದಿಗೋ?

ಎರಡೂ ಬೇಕು, ಆದರೆ ಎರಡರ ಪ್ರಯೋಜನ ಬೇರೆ ಬೇರೆ. ಸಮತಟ್ಟು ರಸ್ತೆಯಲ್ಲಿ ಸವಾರನ ಶ್ರಮದ ದೊಡ್ಡ ಪಾಲು ಗಾಳಿಯನ್ನು ಸೀಳಲು ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಮುಂದಿನವರ ಹಿಂದೆ ಹತ್ತಿರವಾಗಿ ಹೋಗುವವರಿಗೆ ಈ ಹೊರೆ ಗಣನೀಯವಾಗಿ ಇಳಿಯುತ್ತದೆ, ಆದ್ದರಿಂದಲೇ ತಂಡಗಳು ಸರದಿಯಂತೆ ಮುಂದಾಳನ್ನು ಬದಲಿಸುತ್ತವೆ. ಕಡಲ ಕರೆಯ ರಸ್ತೆಯಲ್ಲಿ ಮಧ್ಯಾಹ್ನದ ಎದುರುಗಾಳಿಗೆ ಇದು ದೊಡ್ಡ ಆಸರೆ. ಆದರೆ ಗಂಟೆಗೆ 10 ಕಿ.ಮೀ. ವೇಗದ ಏರಿನಲ್ಲಿ ಗಾಳಿಯ ಪಾಲು ತೀರಾ ಕಡಿಮೆ. ಅಲ್ಲಿ ಯಾರ ಬೆನ್ನ ಹಿಂದೆ ಅಡಗಿದರೂ ಲಾಭವಿಲ್ಲ, ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆಯೇ ಏರಬೇಕು. ನಮ್ಮ ತಂಡದಲ್ಲಿ ಇದಕ್ಕಾಗಿ ಒಂದು ಕಟ್ಟುಪಾಡು ಇದೆ: ಏರಿನಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ, ಏರಿನ ನೆತ್ತಿಯಲ್ಲಿ ಎಲ್ಲರೂ ಎಲ್ಲರಿಗೂ ಕಾಯುತ್ತಾರೆ. ಕೊನೆಯವರು ಬಂದು, ನೀರು ಕುಡಿದು, ಅವರೇ ‘ಹೋಗುವ’ ಎಂದ ಮೇಲೆ ಹೊರಡುವುದು. ಕೊನೆಯವರು ತಲುಪಿದ ಕೂಡಲೇ ಉಳಿದವರು ಹೊರಟುಬಿಟ್ಟರೆ ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ, ಅಂತಹವರು ಮುಂದಿನ ಭಾನುವಾರ ಬರುವುದಿಲ್ಲ.

ಒಂಟಿಯಾಗಿ ಹೋಗುವವರು ಹೋಗುವ ದಾರಿಯನ್ನೂ ಮರಳುವ ಸಮಯವನ್ನೂ ಮನೆಯಲ್ಲಿ ಹೇಳಿ ಹೋಗಬೇಕು. ಅಲರ್ಜಿ, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯೊಂದು ಜೇಬಿನಲ್ಲಿರಲಿ.

ತಂಡದಲ್ಲಿ ಪಾಲಿಸಬೇಕಾದ ನಿಯಮಗಳೇನು?

ಒಳರಸ್ತೆಗಳು ಕಿರಿದಾದ್ದರಿಂದ ಒಬ್ಬರ ಹಿಂದೊಬ್ಬರು. ಗುಂಡಿ ಕಂಡರೆ ಕೈಯಿಂದ ತೋರಿಸಿ ಬಾಯಿಂದಲೂ ಹೇಳಬೇಕು. ನಿಮ್ಮ ಮುಂದಿನ ಚಕ್ರ ಎದುರಿನವರ ಹಿಂದಿನ ಚಕ್ರದ ಪಕ್ಕಕ್ಕೆ ಬರುವಷ್ಟು ಮುಂದೆ ಹೋಗಬಾರದು, ಅವರು ಸ್ವಲ್ಪ ವಾಲಿದರೂ ಬೀಳುವವರು ನೀವು. ಹಠಾತ್ ಬ್ರೇಕ್ ಬೇಡ, ಹಠಾತ್ ತಿರುವೂ ಬೇಡ. ಶಾಲೆ ಬಿಡುವ ಹೊತ್ತಿನಲ್ಲಿ, ಜಾತ್ರೆಯ ಅಥವಾ ತೆಯ್ಯಂ ನಡೆಯುವ ಜಾಗದ ಎದುರಿನಲ್ಲಿ, ಇಳಿದು ತಳ್ಳಿಕೊಂಡು ಹೋಗುವುದರಿಂದ ಯಾರಿಗೂ ನಷ್ಟವಿಲ್ಲ.

ಮಹಿಳೆಯರು ಸೇರಬಹುದೇ?

ಸೇರಬಹುದು, ಸೇರಬೇಕು. ವೇಗದ ಭಯ ಬೇಡ, ಮೇಲೆ ಹೇಳಿದ ಕಟ್ಟುಪಾಡು ಎಲ್ಲರಿಗೂ ಒಂದೇ. ಸೀಟನ್ನು ಮಾತ್ರ ನೀವು ಕೂರುವ ಎಲುಬುಗಳ ಅಗಲಕ್ಕೆ ಹೊಂದುವಂತೆ ಬದಲಿಸಿಕೊಳ್ಳಿ, ಸೈಕಲಿನೊಂದಿಗೆ ಬರುವ ಸೀಟು ಅನೇಕರಿಗೆ ಹೊಂದುವುದಿಲ್ಲ.

ಸವಾರಿಯ ಮೊದಲು ಮತ್ತು ನಡುವೆ ಏನು ತಿನ್ನಬೇಕು?

ಒಂದು ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಅದಕ್ಕಿಂತ ಹೆಚ್ಚಾದರೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆಯ ಅಂಶ ದೇಹಕ್ಕೆ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಕದಳಿಯಾದರೆ ಚಿಕ್ಕದಾದ್ದರಿಂದ ಎರಡು ಬೇಕು. ಬೆಲ್ಲ ಬೆರೆಸಿದ ಅವಲಕ್ಕಿಯನ್ನು ಸಣ್ಣ ಉಂಡೆಗಳಾಗಿ ಕಟ್ಟಿ ಜೇಬಿಗೆ ಹಾಕಿಕೊಂಡರೆ ಪೊಟ್ಟಣದ ತಿಂಡಿ ಬೇಕಾಗುವುದಿಲ್ಲ. ಹಸಿವಾದ ಮೇಲೆ ತಿನ್ನುವುದಲ್ಲ, ಮುಂದಿನ ಏರಿನ ಮೊದಲು ತಿನ್ನುವುದು. ಸ್ನಾಯುಗಳಲ್ಲಿರುವ ಸಂಗ್ರಹ ಒಮ್ಮೆ ಬರಿದಾದರೆ ಮನಸ್ಸಿನ ಬಲದಿಂದ ಅದನ್ನು ತುಂಬಲಾಗುವುದಿಲ್ಲ.

ಇದನ್ನು ನಾನು ಆದೂರಿನಿಂದ ಮುಳ್ಳೇರಿಯಕ್ಕೆ ಮರಳುವಾಗ ಕಲಿತೆ. ಎಪ್ರಿಲ್ ತಿಂಗಳು, ಬೆಳಿಗ್ಗೆ ಚಹಾ ಮಾತ್ರ ಕುಡಿದು ಹೊರಟಿದ್ದೆ. ಒಂದು ಏರಿನ ನಡುವೆ ಕೈ ನಡುಗಿ, ಕಣ್ಣ ಮುಂದಿನ ಡಾಮರು ಅಲುಗಾಡಿದಂತಾಯಿತು. ಇಳಿದು ರಸ್ತೆ ಬದಿಯ ಅಂಗಡಿಯ ಬೆಂಚಿನಲ್ಲಿ ಕುಳಿತೆ. ಅಂಗಡಿಯ ಅಜ್ಜ ಮುಖ ನೋಡಿ, “ಎಂತ ಮಗಾ, ಬೆಳಿಗ್ಗೆ ಎಂತದೂ ತಿಂದಿಲ್ವಾ?” ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಬೆಲ್ಲದ ತುಂಡು, ನೀರು, ಗೊನೆಯಿಂದ ಕಿತ್ತ ಎರಡು ಕದಳಿ ಹಣ್ಣು ಮುಂದಿಟ್ಟರು. ಇಪ್ಪತ್ತು ನಿಮಿಷದ ಬಳಿಕ ಅದೇ ಏರನ್ನು ಏನೂ ಆಗದವನಂತೆ ಹತ್ತಿದೆ.

ನೀರು ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಒಣಗದೆ ಸುರಿಯುವುದರಿಂದ ಉಪ್ಪೂ ಹೋಗುತ್ತದೆ, ಬರೀ ನೀರನ್ನು ಕುಡಿಯುತ್ತಲೇ ಹೋಗುವುದೂ ಅಪಾಯ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸೇರಿಸಿದ ಪುನರ್ಪುಳಿ ಶರಬತ್ತು, ಸೀಯಾಳದೊಂದಿಗೆ ಉಪ್ಪಿನ ಏನಾದರೂ ತಿಂಡಿ ಒಳ್ಳೆಯದು. ಮಾರ್ಚ್‌ನಿಂದ ಮೇ ತನಕ ಬೆಳಕು ಹರಿಯುವಾಗ ಹೊರಟು ಒಂಬತ್ತರೊಳಗೆ ನೆರಳು ಸೇರಿಕೊಳ್ಳಿ.

ಮಳೆಗಾಲದಲ್ಲಿ ನಿಲ್ಲಿಸಬೇಕೇ?

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಮಳೆಗೆ ಹೆದರಿದರೆ ವರ್ಷದ ಮೂರನೇ ಒಂದು ಭಾಗ ಮನೆಯಲ್ಲೇ ಕಳೆಯಬೇಕಾಗುತ್ತದೆ. ತುಳಿಯಿರಿ, ಆದರೆ ನಿಧಾನ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ ಏಳುತ್ತದೆ. ಜುಲೈ ಹೊತ್ತಿಗೆ ತೋಟದ ನೆರಳಿನ ತಿರುವುಗಳಲ್ಲಿ ಹಾವಸೆ ಕಟ್ಟುತ್ತದೆ, ಅದು ಡಾಮರಿನ ಬಣ್ಣದ್ದೇ ಆದ್ದರಿಂದ ಕಾಣುವುದಿಲ್ಲ. ತಿರುವಿನ ಒಳಗೆ ಬ್ರೇಕ್ ಹಿಡಿಯದೆ ಅದಕ್ಕೆ ಮೊದಲೇ ವೇಗ ಇಳಿಸಿ. ನೀರು ನಿಂತಲ್ಲಿ ಗುಂಡಿಯ ಆಳ ತಿಳಿಯದಾದ್ದರಿಂದ ಅದರೊಳಗೆ ಇಳಿಯಬಾರದು. ಟೈರಿನ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಿ.

ಮಳೆಗಿಂತ ಹೆಚ್ಚು ಹೆದರಬೇಕಾದದ್ದು ಸಿಡಿಲಿಗೆ. ಎಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳ ಮಧ್ಯಾಹ್ನದ ಬಳಿಕ ಮೋಡ ಕಟ್ಟಿದರೆ ಪದವಿನ ಮೇಲೆ ಇರಬೇಡಿ. ಮೈಲುಗಟ್ಟಲೆ ಮರವಿಲ್ಲದ ಆ ಬಯಲಿನಲ್ಲಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಗುಡುಗು ಕೇಳಿಸಿದರೆ ಸಿಡಿಲು ನಿಮ್ಮನ್ನು ತಲುಪುವ ದೂರದಲ್ಲಿದೆ ಎಂದೇ ಅರ್ಥ. ಒಂಟಿ ಮರದ ಅಡಿ ನಿಲ್ಲದೆ ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾದು ಹೊರಡಿ.

ನಾಯಿಗಳು ಅಟ್ಟಿಸಿಕೊಂಡು ಬಂದರೆ?

ವೇಗವಾಗಿ ಓಡುವುದನ್ನು ಅಟ್ಟುವುದು ನಾಯಿಯ ಸ್ವಭಾವ. ಹೆಚ್ಚಿನ ಸಲ ನಿಧಾನಿಸಿ, ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಡೆದರೆ ಅದರ ಆಸಕ್ತಿ ತಣಿಯುತ್ತದೆ. ಕಚ್ಚಿದರೆ ಅಥವಾ ಹಲ್ಲು ತಾಗಿದರೆ ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಆರಂಭಿಸಬೇಕು. ಗಾಯ ಸಣ್ಣದು ಎಂಬ ಲೆಕ್ಕಾಚಾರ ಇಲ್ಲಿ ಸಲ್ಲದು.

ಹೆಲ್ಮೆಟ್ ಮತ್ತು ದೀಪ ಕಡ್ಡಾಯವೇ?

ನಮ್ಮ ತಂಡದಲ್ಲಿ ಕಡ್ಡಾಯ. ಹಿಂದಿನ ಕೆಂಪು ದೀಪವನ್ನು ಹಗಲಿನಲ್ಲಿಯೂ ಉರಿಸುತ್ತೇವೆ, ಏಕೆಂದರೆ ಅಡಿಕೆ ಮತ್ತು ರಬ್ಬರ್ ತೋಟಗಳ ನೆರಳಿನಿಂದ ಬಿಸಿಲಿಗೆ ಬರುವ ವಾಹನ ಚಾಲಕರ ಕಣ್ಣಿಗೆ ಕೆಲವು ಕ್ಷಣ ಸೈಕಲ್ ಕಾಣುವುದೇ ಇಲ್ಲ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಒಳಗೆ ಬಿರಿದಿರಬಹುದು, ಬದಲಿಸಿ. ಅಪಘಾತ ಕಂಡರೆ 108 ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ತೊಡಕಿನಿಂದ ಕಾಪಾಡುವ ವಿಧಿಯನ್ನು 2019ರಲ್ಲಿ ಮೋಟಾರು ವಾಹನ ಕಾಯಿದೆಗೇ ಸೇರಿಸಲಾಗಿದೆ, ಹಿಂಜರಿಯಬೇಕಾಗಿಲ್ಲ.

ಮನೆಯಲ್ಲಿ ಮಾಡಬೇಕಾದ ಆರೈಕೆ ಏನು?

ಚೈನನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಕೆಂಪು ಮಣ್ಣು ಮಳೆನೀರಿನಲ್ಲಿ ಕರಗಿ ಎಣ್ಣೆಯೊಂದಿಗೆ ಸೇರಿದಾಗ ಮಸಾಲೆ ಅರೆದಷ್ಟು ನುಣುಪಾದ ಹಿಟ್ಟಾಗುತ್ತದೆ, ಬೆರಳಿಗೆ ಹಚ್ಚಿ ಉಜ್ಜಿದರೆ ಒಳಗೆ ಮರಳಿನ ಕಣ ಸಿಗುತ್ತದೆ. ಆ ಕಣ ಪಿನ್ನುಗಳನ್ನು ಒಳಗಿನಿಂದ ತೇಯುತ್ತದೆ. ಮಳೆಯ ಸವಾರಿಯಿಂದ ಬಂದ ದಿನವೇ ಹಳೆಯ ಪಂಚೆಯ ತುಂಡಿನಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ, ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿಬಿಡಿ.

ಸವೆದಿದೆಯೇ ಎಂದು ತಿಳಿಯಲು ಉಕ್ಕಿನ ಅಳತೆಪಟ್ಟಿ ಸಾಕು. ಒಂದು ಪಿನ್ನಿನ ನಡುವಿನಿಂದ ಮುಂದಿನದರ ನಡುವಿಗೆ ಅರ್ಧ ಇಂಚು, ಆದ್ದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು ಬರಬೇಕು. ಜಗಲಿಯಲ್ಲಿ ಸೈಕಲನ್ನು ಗೋಡೆಗೆ ಒರಗಿಸಿ ಪಟ್ಟಿ ಹಿಡಿದು ನೋಡಿ: 12 ಇಂಚಿನ ಗೀಟು ದಾಟಿ ಪಿನ್ನು ಒಂದೂವರೆ ಮಿ.ಮೀ. ಮುಂದೆ ಸರಿದಿದ್ದರೆ, ಹಿಂದೆ 11 ಗಿಯರ್ ಇರುವ ಸೈಕಲಿನ ಚೈನನ್ನು ಬದಲಿಸುವ ಸಮಯ ಬಂದಿದೆ. ತಡಮಾಡಿದರೆ ಹಿಂದಿನ ಹಲ್ಲುಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಜೋಪಾನವಾಗಿ ಸವರಿ ನೋಡಿ. ಚುಚ್ಚಿದ ಮುಳ್ಳೋ ತಂತಿಯ ತುಣುಕೋ ಅಲ್ಲಿಯೇ ಉಳಿದಿದ್ದರೆ ಹೊಸದಕ್ಕೂ ಅದೇ ಗತಿ.

ಸೈಕಲನ್ನು ರೈಲಿನಲ್ಲಿ ಒಯ್ಯಬಹುದೇ?

ಪಾರ್ಸೆಲ್ ಕಚೇರಿಯಲ್ಲಿ ಸರಂಜಾಮಾಗಿ ಕಾದಿರಿಸಿ ಒಯ್ಯಬಹುದು. ಸಣ್ಣ ನಿಲ್ದಾಣಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುವುದರಿಂದ ದೊಡ್ಡ ನಿಲ್ದಾಣದಿಂದ ದೊಡ್ಡ ನಿಲ್ದಾಣಕ್ಕೆ ಕಳುಹಿಸುವುದೇ ಕ್ಷೇಮ.

ಬ್ರೆವೆ ಎಂದರೇನು? ನಾನು ಯಾವಾಗ ಪ್ರಯತ್ನಿಸಬಹುದು?

ಇದು ಸ್ಪರ್ಧೆಯಲ್ಲ. ನಿಗದಿತ ದೂರವನ್ನು ನಿಗದಿತ ಅವಧಿಯೊಳಗೆ, ಹೊರಗಿನ ನೆರವಿಲ್ಲದೆ, ನಡುವಿನ ತಪಾಸಣಾ ಜಾಗಗಳಲ್ಲಿ ಗುರುತು ಹಾಕಿಸಿಕೊಂಡು ಮುಗಿಸುವ ಸವಾರಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರಿಗೆ ಸೂಪರ್ ರಾಂಡೋನ್ಯೂರ್ ಎಂಬ ಹೆಸರು. ಜಗತ್ತಿನ ಮಟ್ಟದಲ್ಲಿ ಪ್ಯಾರಿಸಿನ ಆಡಾಕ್ಸ್ ಕ್ಲಬ್ ಇದನ್ನು ಮಾನ್ಯ ಮಾಡುತ್ತದೆ, ಭಾರತದಲ್ಲಿ ಆಡಾಕ್ಸ್ ಇಂಡಿಯಾ ನೋಡಿಕೊಳ್ಳುತ್ತದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1,200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಇದರ ಶಿಖರ.

200 ಕಿ.ಮೀ.ಗೆ ನಿಲುಗಡೆ ಸೇರಿ ಗಂಟೆಗೆ ಸರಾಸರಿ 15 ಕಿ.ಮೀ. ಸಾಕಾಗುತ್ತದೆ. ಆದ್ದರಿಂದ ವೇಗಕ್ಕಿಂತ ಒಂದೇ ಸಮನೆ ತುಳಿಯುವ ಗುಣ ಮುಖ್ಯ. ಚಹಾದ ಅಂಗಡಿಯಲ್ಲಿ ಕಳೆದ ಅರ್ಧ ಗಂಟೆಯನ್ನು ರಸ್ತೆಯಲ್ಲಿ ಗಳಿಸುವುದು ಬಹಳ ಕಷ್ಟ. ಸಿದ್ಧತೆಯ ಪರೀಕ್ಷೆಯಾಗಿ ನಾನು ಹೊಸಬರಿಗೆ ಹೇಳುವುದು ಇಷ್ಟು: ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗಿ ಬಂದು, ಅದೇ ದಿನ ಮತ್ತೊಮ್ಮೆ ಹೋಗಿ ಬನ್ನಿ. ಅದು ಸುಮಾರು 120 ಕಿ.ಮೀ. ಆಗುತ್ತದೆ. ಏರುಗಳ ಲೆಕ್ಕವನ್ನು ನೀವೇ ಇಟ್ಟುಕೊಳ್ಳಿ. ನಾಲ್ಕನೇ ಸಲ ಸೀತಾಂಗೋಳಿಯನ್ನು ದಾಟುವಾಗಲೂ ಸೀಟಿನಿಂದ ಏಳದೆ, ಜತೆಯವರೊಂದಿಗೆ ಮಾತಾಡುತ್ತ ತುಳಿಯಲು ಸಾಧ್ಯವಾದರೆ ಹೆಸರು ನೋಂದಾಯಿಸಿ.